ನೀರು ಹೊಯ್ಯುವವಳು

ನಮ್ಮ ಮನೆಯಲ್ಲಿ ಊಟಕ್ಕೆ ಮೊದಲು
ಹೂಜಿ ಹಿಡಿಯುವವಳು ನಾನು.
ಬಲಗೈಯಲ್ಲಿ ಹೂಜಿ, ಎಡಗೈಯಲ್ಲಿ ಬೋಗುಣಿ,
ತೋಳಿನ ಮೇಲೆ ಟವೆಲು.
ಗಂಡಸರಿಂದ ಶುರು, ಪಾದ್ರಿ ಬಂದರೆ ಪಾದ್ರಿಯಿಂದ.
ಮೂರು ಬೆರಳು ಚಾಚುತ್ತಾರೆ,
ಮೂರು ಹನಿ ಹಾಕಿಸಿಕೊಳ್ಳುತ್ತಾರೆ,
"ಒಳ್ಳೇದಾಗಲಿ ಮಗಳೇ" ಅನ್ನುತ್ತಾರೆ.
ಕೈ ತೊಳೆದ ಹಾಗಲ್ಲ ಅದು,
ಕೈಗೆ ನೀರು ತೋರಿಸಿದ ಹಾಗೆ.

ದೆಬ್ರೆ ತಾಬೋರಿನ ಈ ಗುಡ್ಡಕ್ಕೆ
ನೀರು ಹತ್ತುವುದು ನನ್ನ ಬೆನ್ನ ಮೇಲೆ,
ಹಳದಿ ಕ್ಯಾನಿನಲ್ಲಿ, ಇಪ್ಪತ್ತು ಲೀಟರು.
ಹಾಗಾಗಿ ಮೂರೇ ಹನಿಗೆ ನನ್ನ ತಕರಾರಿರಲಿಲ್ಲ,
ಅಯಾಲ್ನೆಹ್ ಮಾವ ಗೊಂದರಿನ ಆಸ್ಪತ್ರೆಯಿಂದ
ಮಾತ್ರೆಯ ಪೊಟ್ಟಣ ಹಿಡಿದು ಬರುವ ತನಕ.

ವರ್ಷಗಟ್ಟಲೆ ಅವನ ಹೊಟ್ಟೆಯಲ್ಲೊಂದು ಕೆಂಡ.
ಬುಧವಾರ ಉರಿದರೆ ಉಪವಾಸದ ಮೇಲೆ,
ಗುರುವಾರ ಉರಿದರೆ ಮೆಣಸಿನ ಮೇಲೆ
ಹೊರಿಸುತ್ತಿದ್ದೆವು ತಪ್ಪು.
ಡಾಕ್ಟರು ನಳಿಗೆ ಇಳಿಸಿ ನೋಡಿ ಹೇಳಿದರಂತೆ:
ಸುರುಳಿಯಂಥ ಬ್ಯಾಕ್ಟೀರಿಯ,
ಜಠರದ ಹುಳಿಯಲ್ಲೇ ಸಂಸಾರ ಹೂಡುತ್ತದೆ.
ಎಳವೆಯಲ್ಲೇ ಬಂದಿರಬೇಕು.
ಯಾವ ದಾರಿ ಅಂದರೆ,
ನೀರಿರಬಹುದು, ಕೈ ಇರಬಹುದು,
ಬಾಯಿಂದ ಬಾಯಿಗೆ ಇರಬಹುದು. ಖಚಿತ ಹೇಳಲಾರೆ.

ಖಚಿತ ಹೇಳದ ಮಾತೇ ಕಷ್ಟ.
ಮನೆಗೆ ಮನೆಯೇ ತಿರುಗಿ ನೋಡಿತು
ಒಲೆಯ ಬಳಿಯ ವರ್ಕಿನೆಶ್ ಅಜ್ಜಿಯನ್ನು.

ಈ ಮನೆಯ ಹನ್ನೊಂದು ಮಕ್ಕಳಿಗೂ
ಹುರಿದ ಬಾರ್ಲಿ ತಾನು ಅಗಿದು, ನುಣ್ಣಗೆ ಮಾಡಿ,
ತುಟಿಯಿಂದ ತುಟಿಗೆ ದಾಟಿಸಿದವಳು.
ಈಗಲೂ ತಟ್ಟೆಯ ಸುತ್ತ ಕೂತವರಿಗೆ
ಇಂಜೆರಾದ ಅಂಚು ಹರಿದು, ಕಡಲೆಯ ಗೊಜ್ಜು ಸವರಿ, ಮಡಿಸಿ,
ಬಾಯಿಗೇ ಇಡುತ್ತಾಳೆ ತುತ್ತು.
ಗುರ್ಷಾ ಅನ್ನುತ್ತೇವೆ. ಒಲ್ಲೆ ಅನ್ನುವಂತಿಲ್ಲ.
ಬಾಯಿ ಚಿಕ್ಕದು ಅನ್ನುವಂತೆಯೂ ಇಲ್ಲ.

ಅಂದು ಅವಳು ಮಾವನಿಗೆ ಚಾಚಿದ ತುತ್ತು
ಗಾಳಿಯಲ್ಲೇ ಸ್ವಲ್ಪ ಹೊತ್ತು ಇತ್ತು.
ಮಾವ ಮಾತ್ರೆಯ ನೆವ ಹೇಳಿದ.
ಅಜ್ಜಿ ಅದನ್ನು ತಾನೇ ತಿಂದಳು, ನಿಧಾನವಾಗಿ,
ಕಲ್ಲು ಸಿಕ್ಕಿದವಳ ಹಾಗೆ.

ಹದಿನಾಲ್ಕು ದಿನ ಮಾತ್ರೆ.
ಹದಿನಾಲ್ಕು ದಿನ ಅವಳ ಕೈ ಮಡಿಲಲ್ಲೇ.

ನಾನು ಮಾಡಿದ್ದು ದೊಡ್ಡದೇನಲ್ಲ.
ಸಂತೆಯಲ್ಲಿ ಮೊಟ್ಟೆ ಮಾರಿ ಸೋಪು ತಂದೆ.
ಕುಡಿಯುವ ನೀರು ಕುದಿಸಿ, ಆರಿಸಿ, ಮುಚ್ಚಿಟ್ಟೆ,
ಮೊಗೆಯಲು ಉದ್ದ ಹಿಡಿಯ ಸೌಟು ಬೇರೆ ಇಟ್ಟೆ.
ಮುಚ್ಚಳಕ್ಕೆ ತೂತು ಕೊರೆದ ಬಾಟಲಿಯೊಂದನ್ನು
ಕಕ್ಕಸಿನ ಬಾಗಿಲಲ್ಲಿ ನೇತುಹಾಕಿದೆ.
ಬೆಳಿಗ್ಗೆ ಒಂದು ಕ್ಯಾನು ಹೆಚ್ಚಿಗೆ ಹೊತ್ತೆ.
ಬೆನ್ನು ಬೈಯಿತು. ಬೈಯಲಿ.

ಹದಿನೈದನೆಯ ರಾತ್ರಿ
ಗಂಡಸರ ಸಾಲು ದಾಟಿ ಒಲೆಯ ಬಳಿ ಕೂತೆ.
"ಯಾಕೆ, ನನ್ನ ಕೈಯಲ್ಲಿ ವಿಷ ಇದೆಯಾ?"
"ಮಾವನ ಕೈಯಲ್ಲೂ ಇರಬಹುದು ಅಜ್ಜಿ, ನನ್ನದರಲ್ಲೂ.
ಅದಕ್ಕೇ ಎಲ್ಲರಿಗೂ."

ಹಿಟ್ಟು ನಾದುವ ಹಾಗೆ ತಿಕ್ಕಿದಳು,
ಬೆರಳ ಸಂದಿ, ಉಗುರಿನ ಬುಡ, ಮಣಿಕಟ್ಟು.
ಎಂದೂ ತೆಗೆಯದ ಉಂಗುರ ತೆಗೆದಳು.
ಕೆಳಗೆ ಸಣ್ಣ ತಿಳಿಗೆರೆ,
ಮದುವೆಯಾದಂದಿನಿಂದ ಬಿಸಿಲು ಕಾಣದ್ದು.
ಬೋಗುಣಿಯ ನೀರು ಬೂದಿಯ ಬಣ್ಣಕ್ಕೆ ತಿರುಗಿತು.
"ಇಷ್ಟೊಂದಿತ್ತಾ" ಅಂದಳು, ಯಾರಿಗೂ ಅಲ್ಲ.
ಆಮೇಲೆ ಹೂಜಿ ಕಿತ್ತುಕೊಂಡಳು.
ನನ್ನ ಕೈಗೆ ಇನ್ನೊಬ್ಬರು ನೀರು ಹೊಯ್ದದ್ದು
ಅದೇ ಮೊದಲು.

ಮಗುವಿಗೆ ಬಾರ್ಲಿ ಈಗ ಒರಳಲ್ಲಿ ಅರೆಯುತ್ತೇವೆ.
ರುಚಿ ಸಾಲದು ಅಂತ ಅಜ್ಜಿ ಗೊಣಗುತ್ತಾಳೆ.
ಮಾವನ ಕೆಂಡ ಪೂರ್ತಿ ಆರಿತೋ ಇಲ್ಲವೋ,
ರಸ್ತೆ ಒಣಗಿದ ಮೇಲೆ ಮತ್ತೆ ಪರೀಕ್ಷೆ.
ಆ ರಾತ್ರಿಯ ತುತ್ತು ಮಾತ್ರ ನನಗೆ ಗೊತ್ತು:
ದೊಡ್ಡದಿತ್ತು, ಖಾರವಿತ್ತು,
ಕೊನೆಗೆಲ್ಲೋ ಒಂಚೂರು
ಸೋಪಿನ ವಾಸನೆಯಿತ್ತು.