ಉಳಿದ ಅರಿವಿ

ಅವತ್ತಿನ ವಾಕ್ಯ ಸಣ್ಣದರ ಬಗ್ಗೆ ಇತ್ತು.
ಒಂದು ಹಿಡಿ, ಒಂದು ಗೇಣು, ಒಂದು ಪೈಸೆ;
ಅಷ್ಟರೊಳಗ ನೆಟ್ಟಗ ಇರದವರ ಕೈಗೆ
ದೊಡ್ಡದು ಯಾರು ಕೊಡ್ತಾರ, ಅಂತ ಕೇಳಿ
ಸಭಾಪಾಲಕರು ಕನ್ನಡಕ ಒರೆಸಿಕೊಂಡರು.
ನಾನು ಹಿಂದಿನ ಸಾಲಿನಾಗ, ಫ್ಯಾನಿನ ಕೆಳಗ,
ತಲಿ ಮ್ಯಾಲಿನ ಸೆರಗು ಸರಿಮಾಡ್ಕೊಂತ
ಆಮೆನ್ ಅಂದೆ.
ಎಲ್ಲರಿಗಿಂತ ಒಂದು ಗಳಿಗೆ ಮೊದಲೇ ಅಂದೆ.

ಆಮ್ಯಾಲ ಕಾಣಿಕೆ ಚೀಲ ಬಂತು.

ಕೋಲಿಗೆ ಕಟ್ಟಿದ ಮಖಮಲ್ಲಿನ ಚೀಲ.
ನಾನೇ ಹೊಲಿದದ್ದು, ಹೋದ ಕ್ರಿಸ್ಮಸ್ಸಿಗೆ.
ಹೊರಗ ಕೆಂಪು, ಒಳಗ ಗಿಳಿಹಸಿರು ಜರಿಯ ಅಸ್ತರು.
ದೀನಮ್ಮ ಅಂತ ಹೆಸರು ಹೇಳಿ ಚಪ್ಪಾಳೆ ತಟ್ಟಿಸಿದ್ದರು.
ಹತ್ತರ ನೋಟು ಮಡಚಿ ಕೈ ಒಳಗ ಬಿಟ್ಟೆ.
ಬೆರಳಿಗೆ ಜರಿ ಒರಟಾಗಿ ತಾಗಿತು,
ಬೆಕ್ಕಿನ ನಾಲಿಗಿ ಹಂಗ.

ಆ ಅಸ್ತರು ನನ್ನದಲ್ಲ.

ಖುರ್ಷಿದ್ ಬೀ ಮಗಳ ಲಗ್ನದ ಕುರ್ತಿ.
ಹೈದರಾಬಾದಿನಿಂದ ತಂದಿದ್ದಳು, ಮೂರು ಮೀಟರ್.
ಎರಡೂಕಾಲಿನಾಗ ಮುಗಿಸಿದೆ. ಕೈಗುಣ ಅದ ನನಗ,
ಕತ್ತರಿ ಹಿಡಿದು ಇಪ್ಪತ್ತೆರಡು ವರ್ಷ.
"ಏನರ ಉಳೀತೇನು?" ಅಂದಳು ಹೊಸ್ತಿಲದಾಗ ನಿಂತು.
"ಚಿಂದಿ ಅಷ್ಟೇ, ಆಪಾ," ಅಂದೆ.
ಹಲ್ಲಿನಾಗ ಗುಂಡುಸೂಜಿ ಇತ್ತು,
ಸುಳ್ಳು ಅದರ ಮಗ್ಗುಲಿನಿಂದ ಸಲೀಸಾಗಿ ಹೊರಗ ಬಂತು.

ಮಂಗಲಪೇಟಿಯಾಗ ಯಾವ ದರ್ಜಿ ಇಟ್ಕೊಳ್ಳಂಗಿಲ್ಲ ಹೇಳ್ರಿ,
ಅಲ್ಲದೆ ನಾ ದೇವರ ಮನಿಗೇ ಕೊಟ್ಟೆನಲ್ಲ,
ಹಿಂಗಂತ ಎರಡು ದಿನ ಮಷಿನ್ ತುಳಿದೆ.
ಮಷಿನ್ ಒಪ್ಪಲಿಲ್ಲ. ದಾರ ಹರೀತು, ಬಾಬಿನ್ ಸಿಕ್ಕಾತು.
(ಎಣ್ಣಿ ಬಿಟ್ಟು ತಿಂಗಳಾಗಿತ್ತು, ಅದೂ ಖರೇ.)

ಬುಧವಾರ ಹೋದೆ.
ಹಿತ್ತಲ ಹಿಂದಿನ ಗಲ್ಲಿ, ಇಪ್ಪತ್ತು ಹೆಜ್ಜಿ ಇಲ್ಲ,
ಆದರೂ ಆ ಕೆಂಪು ಮಣ್ಣಿನ ಏರು
ಕೋಟಿ ಹತ್ತಿದಂಗ ಆತು.
ಖುರ್ಷಿದ್ ಬೀ ಅಕ್ಕಿ ಆರಸ್ಲತ್ತಿದ್ದಳು.
ಹೇಳಿದೆ. ಮುಕ್ಕಾಲು ಮೀಟರ್, ಹಸಿರು, ಚೀಲ, ಎಲ್ಲಾ.
ಆಕಿ ಒಂದು ಹರಳು ತೆಗೆದು ಅಂಗಳಕ್ಕ ಒಗೆದು
"ಗೊತ್ತಿತ್ತು," ಅಂದಳು.
"ದರ್ಜಿ ಅಂದ್ರ ಹಂಗೇ ಅಂತ ಸುಮ್ಮನಾದೆ.
ಆದರ ನೀ ದಿನಾ ಮುಂಜಾನೆ ಜೋರಾಗಿ ಓದ್ತೀಯಲ್ಲ ದೀನಮ್ಮ,
ನಮ್ಮ ಮನಿತನಕ ಕೇಳಸ್ತದ.
ಅವತ್ತಿನಿಂದ ಕಿಡಕಿ ಹಾಕ್ಕೋತಿದ್ದೆ."

ಬೈದಿದ್ದರ ಛಲೋ ಇತ್ತು.

ಮುನ್ನೂರು ರೂಪಾಯಿ ಚಾಚಿದೆ. ಎಣಿಸಿ ತಗೊಂಡಳು.
ಬ್ಯಾಡ ಅಂತಾಳ ಅಂತ ಒಳಗೊಳಗ ಅಂದ್ಕೊಂಡಿದ್ದೆ,
ಅದನ್ನೂ ಇಲ್ಲೇ ಹೇಳಿಬಿಡ್ತೀನಿ.
ಆಮ್ಯಾಲ ಚಾ ಕೊಟ್ಟಳು, ಸಕ್ಕರಿ ಕಡಿಮಿ.

ಈಗ ಗಿರಾಕಿ ಬಂದಾಗ
ಉಳಿದ ತುಂಡು ಸುತ್ತಿ, ದಾರ ಕಟ್ಟಿ, ಕೈಯಾಗ ಇಡ್ತೀನಿ.
"ಇದನ್ನೇನು ಮಾಡ್ಲಿ?" ಅಂತಾರ ಅರ್ಧ ಮಂದಿ,
ಕಟ್ಟಿ ಮ್ಯಾಲೇ ಬಿಟ್ಟು ಹೋಗ್ತಾರ.
ಹಿಂದಿಂದ ಓಡಿ ಹೋಗಿ ಕೊಟ್ಟು ಬರ್ತೀನಿ.
"ಚಿಂದಿ ಹಿಂದ ಓಡೋ ಹೆಣ್ಣುಮಗಳು
ಬೀದರಿನಾಗ ನೀ ಒಬ್ಬಾಕಿ," ಅಂತ ನಗ್ತಾರ ನಮ್ಮ ಮನಿಯವರು.
ದಿಂಬಿಗೆ ತುಂಬಲಿಕ್ಕೂ ಈಗ ಮನಿಯಾಗ ಚಿಂದಿ ಇಲ್ಲ.
ಚಪ್ಪಟಿಯಾದ ದಿಂಬಿನ ಮ್ಯಾಲ ತಲಿ ಇಟ್ಟು ಮಲಗ್ತೀನಿ,
ನಿದ್ದಿ ಒಮ್ಮೊಮ್ಮೆ ಬರ್ತದ, ಒಮ್ಮೊಮ್ಮೆ ಇಲ್ಲ.

ಐತವಾರ ಆ ಚೀಲ ಇನ್ನೂ ಬರ್ತದ.
ಒಳಗಿನ ಹಸಿರು ಈಗ ರೊಕ್ಕ ಕೊಟ್ಟು ಕೊಂಡದ್ದು,
ಆದರೂ ಬೆರಳಿಗೆ ಮೊದಲಿನಷ್ಟೇ ಒರಟು.

ಓದೋದು ಬಿಟ್ಟಿಲ್ಲ. ದನಿ ಇಳಿಸೀನಿ.
ನಿನ್ನೆ ಮುಂಜಾನೆ ಪುಟ ತಿರುವುವಾಗ
ಹಿತ್ತಲಾಚೆ ಕಿಡಕಿಯ ಚಿಲಕ ಸರಿದ ಸಪ್ಪಳ.
ತೆಗೆದಳೋ, ಹಾಕಿದಳೋ,
ತಿಳೀಲಿಲ್ಲ.
ಮುಂದಿನ ಸಾಲಿಗೆ ಬೆರಳಿಟ್ಟೆ.