ಕಳೆ

ಏಪ್ರಿಲ್ ಮೂರನೆಯ ವಾರ ಬಂದರೆ ಸಾಕು,
ಓಬನ್ ಬಂದರಿನಾಚೆ, ಕೆರೆರಾ ದ್ವೀಪದ ಈಚೆ
ಹಗ್ಗ ಹಗ್ಗಕ್ಕೂ ಕಂದು ನೂಲು ಸುತ್ತಿಕೊಳ್ಳುತ್ತದೆ.
ಬಾಚಣಿಗೆಯಲ್ಲಿ ಉಳಿದ ಕೂದಲಿನಂಥದು, ಹಿಡಿದರೆ ಜಾರುವಂಥದು.
ಅದರಡಿ ಮುರ್ಡೀನಾಳ ಬೆಳೆ, ಆಳುದ್ದದ ಕೆಲ್ಪ್ ಎಲೆ,
ಬಿಸಿಲು ಸಿಗದೆ ಅಂಚಿನಿಂದ ಬಿಳುಚುತ್ತದೆ.

ದೋಣಿಯಂಚಿಗೆ ಹೊಟ್ಟೆಯೂರಿ
ಅವಳು ಹಗ್ಗ ಎಳೆಯುತ್ತಾಳೆ, ಗೇಲಿಕ್‌ನಲ್ಲಿ ಬೈಯುತ್ತಾಳೆ.
ಅರ್ಥ ಕೇಳಿದ್ದೆ ಒಮ್ಮೆ.
“ನಿನ್ನ ಲ್ಯಾಬಿನ ಪುಸ್ತಕದಲ್ಲಿ ಬರೆಯುವಂಥದ್ದಲ್ಲ” ಎಂದಳು.

ನನ್ನ ಕೆಲಸ ಚಿಕ್ಕದು.
ನೂಲಿನ ಮೈಗೆ ಹತ್ತಿಕಡ್ಡಿ ಸವರುವುದು,
ಅಗರಿನ ತಟ್ಟೆಯ ಮೇಲೆ ಗೀರು ಎಳೆಯುವುದು,
ಹದಿನೈದು ಡಿಗ್ರಿಯ ಪೆಟ್ಟಿಗೆಯಲ್ಲಿಟ್ಟು ಬಾಗಿಲು ಹಾಕುವುದು,
ನಿನ್ನೆಯ ಮೊಸರು ಒಂದು ಚಮಚ, ಇಂದಿನ ಹಾಲಿಗೆ
ಹೆಪ್ಪು ಹಾಕಿ ಮಲಗಿದ ಹಾಗೆ.
ಬೆಳಗ್ಗೆ ನೋಡಿದರೆ ಯಾರಾದರೂ ಇರುತ್ತಾರೆ:
ಹಳದಿ ಚುಕ್ಕಿ, ಕೆನೆಯ ಚುಕ್ಕಿ,
ಅಂಟಂಟು ಲೋಳೆಯ ಒಂದು ಸಂಸಾರ.

ಬೆಳೆಗೆ ಕೊಳೆ ತರುವವರು ಇವರೇ ಏನು?
ಅಥವಾ ಕೊಳೆಯನ್ನು ಬಾಗಿಲಲ್ಲೇ ತಡೆಯುವವರು?
ಮುರ್ಡೀನಾ ಪ್ರತಿ ಶುಕ್ರವಾರ ಕೇಳುತ್ತಾಳೆ.
ಗೊತ್ತಿಲ್ಲ ಎನ್ನುತ್ತೇನೆ ಪ್ರತಿ ಶುಕ್ರವಾರ.
ಮೂರು ವರ್ಷದ ಹಣ ಬಂದಿರುವುದು ಈ ‘ಗೊತ್ತಿಲ್ಲ’ಕ್ಕೇ.

ಮೊನ್ನೆ ರಾತ್ರಿ ದೀಪ ಆರಿಸಿ ಹೊರಟವ
ಕೋಟಿನ ತೋಳು ಸಿಗದೆ ತಡಕಾಡುತ್ತಿದ್ದೆ.
ಮೇಜಿನ ಮೇಲೆ ಏಳನೆಯ ತಟ್ಟೆ ಬೆಳಗುತ್ತಿತ್ತು.
ನೀಲಿಯೆಂದರೆ ನೀಲಿಯಲ್ಲ, ಹಸಿರೂ ಅಲ್ಲ;
ನಾನೆಳೆದ ಗೀರುಗಳೆಲ್ಲ
ನನ್ನದೇ ಸೊಟ್ಟ ಕೈಬರಹದಲ್ಲಿ ಉರಿಯುತ್ತಿದ್ದವು, ಬಿಸಿಯಿಲ್ಲದೆ.
ಒಂಟಿಯಾಗಿದ್ದಾಗ ಇವು ಬೆಳಗುವುದಿಲ್ಲ.
ಪಂಚಾಯ್ತಿ ಸಭೆಯ ಹಾಗೆ
ಕೋರಂ ತುಂಬಬೇಕು.

ಫೋನ್ ಮಾಡಿದೆ. ಹನ್ನೊಂದಕ್ಕೆ ಬಂದಳು,
ನೈಟಿಯ ಮೇಲೆ ದೋಣಿಯ ಜಾಕೆಟ್ಟು, ಡೀಸೆಲ್ ವಾಸನೆ.
ಕತ್ತಲಿಗೆ ಕಣ್ಣು ಹೊಂದುವವರೆಗೆ
ಇಬ್ಬರೂ ಸುಮ್ಮನೆ ನಿಂತೆವು.
“ನನ್ನ ಹಗ್ಗದ ಮೇಲಿಂದಲೇ?”
“ನಿನ್ನ ಹಗ್ಗದ ಆ ಹಾಳು ನೂಲಿನ ಮೇಲಿಂದ.”
“ಬಾಡಿಗೆಯಾದರೂ ಕೊಡಬಹುದಿತ್ತು.”

ನನ್ನ ಭಾಷೆಯಲ್ಲಿ, ಹೇಳಿದೆ,
ಹೊಲದಲ್ಲಿ ಕೀಳುವುದೂ ಕಳೆ,
ಮುಖದಲ್ಲಿ ಬೆಳಗುವುದೂ ಕಳೆ.
ತಟ್ಟೆಯ ಮೇಲೆ ಬಾಗಿದವಳು ಬಾಗಿಯೇ ಇದ್ದಳು.
“ಕೀಳುವಾಗ ಯಾವುದು ಕೈಗೆ ಬಂತೆಂದು
ನಿಮಗೆ ಗೊತ್ತಾಗುತ್ತದೆಯೇ?”

ಲೆಕ್ಕದ ಕಳೆ ಇನ್ನೊಂದಿದೆ, ಅದನ್ನು ಹೇಳಲಿಲ್ಲ.
ಸೋಮವಾರ ನಡೆದದ್ದು ಅದೇ:
ಅರ್ಧ ಟನ್ನಷ್ಟು ನೂಲು ಹಗ್ಗದಿಂದ ಕೆರೆದು ಹಾಕಿದೆವು,
ನಾನೂ ಕೈ ಸೇರಿಸಿದೆ.
ತಟ್ಟೆ ಅಷ್ಟರಲ್ಲಿ ಮಂಕಾಗಿತ್ತು; ಅಂಚಿನಿಂದ ಒಂದು ಚುಕ್ಕಿ ಎತ್ತಿ
ಹೊಸ ತಟ್ಟೆಗೆ ಹೆಪ್ಪು ಹಾಕಿ ಬಂದಿದ್ದೆ.
ಉಗುರಿನ ಸಂದಿಯಲ್ಲಿ ಕಂದು ಎಳೆಯೊಂದು,
ಎರಡು ಸಲ ಸೋಪು ಹಾಕಿದರೂ ಹೋಗಿಲ್ಲ.
ರಾತ್ರಿ ದೀಪ ಆರಿಸಿ
ಸುಮ್ಮನೆ ಬೆರಳು ನೋಡಿಕೊಂಡೆ.