ಒಡ್ಡಿನ ಲೆಕ್ಕ

ಕುಮಟೆಯ ಸೊಸೈಟಿ ಹಳೆ ಕಂಪ್ಯೂಟರು ಹರಾಜಿಗಿಟ್ಟ ದಿನ
ಎರಡು ಸಾವಿರದ ಎಂಟುನೂರಕ್ಕೆ ಕೂಗಿದವಳು ನಾನೊಬ್ಬಳೇ.
ಬೆನ್ನಿಗೆ ಬಿಳಿ ಬಣ್ಣದಲ್ಲಿ ‘ಡೆಡ್ ಸ್ಟಾಕ್ ೪೧’.
ಅಳಿಸಲಿಲ್ಲ. ಹೆಸರಿಗೆ ಅಷ್ಟು ಸಾಕು, ನಲವತ್ತೊಂದು.

ನಾಲ್ಕು ಕೋರು. ಹದಿನಾರು ಜಿಬಿ ಮೆಮೊರಿ,
ಎಂಟು ಅದರದ್ದೇ, ಎಂಟು ಹುಬ್ಬಳ್ಳಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಬಂದದ್ದು.
ಉಪ್ಪುಗಾಳಿ ತಾಗದ ಮೂಲೆ ಹುಡುಕಿದೆ.
ತದಡಿಯಲ್ಲಿ ಅಂಥ ಮೂಲೆ ಇಲ್ಲ;
ಬೀಗಕ್ಕೂ ತುಕ್ಕು, ಕೀಲಿಕೈಗೂ ತುಕ್ಕು.

ಮೊದಲು ಬಂದವರು ಮಾವ.
‘ನನ್ನ ಜಂತ್ರಡಿ ಪುಸ್ತಕ ಇದ್ರಲ್ಲಿ ಹಿಡೀತದಾ?’
ಮೂವತ್ತೊಂದು ವರ್ಷದ ಭರತಿ, ಇಳಿತ,
ಯಾವ ಅಮಾಸೆಗೆ ಬಾಗಿಲ ಹಲಗೆ ಎಷ್ಟು ಎತ್ತಿದ್ದು, ಎಷ್ಟು ಇಳಿಸಿದ್ದು.
ಹನ್ನೊಂದು ನೋಟುಬುಕ್ಕು. ಒಂದಕ್ಕೆ ಗೆದ್ದಲು.
ಆಮೇಲೆ ನಾದಿನಿ ಮಾದೇವಿ: ರವಿಕೆಯ ಅಳತೆ, ಬಾಕಿ ಪಟ್ಟಿ.
ಅವಳ ಮಗ ಸುಜನನಿಗೆ ಚೌಕ ಕಲ್ಲುಗಳ ಆಟದ ಲೋಕ,
ಗೋಡೆ ಒಡೆಯಲು ಗೆಳೆಯರು ಬರುತ್ತಾರಂತೆ.
ನನಗೆ ಐಸ್ ಪ್ಲಾಂಟಿನ ಲೆಕ್ಕ ಇಡುವಷ್ಟು ಜಾಗ,
ಮತ್ತೆ, ಯಾರಿಗೂ ಹೇಳದೆ, ಕೆಡಿಸಿ ಕಲಿಯಲಿಕ್ಕೆ ಒಂದು ಕೋಣೆ.

ಮೂರು ರಾತ್ರಿ ಓದಿದೆ.
ಪ್ರತಿಯೊಬ್ಬರಿಗೂ ಪೂರ್ತಿ ಯಂತ್ರವನ್ನೇ ಕಟ್ಟಿಕೊಡಬಹುದು.
ಇಲ್ಲದ ಯಂತ್ರ. ತಾನಿದ್ದೇನೆ ಎಂದೇ ನಂಬಿರುವ ಯಂತ್ರ.
ಅದರ ಡಿಸ್ಕು ಎಂದರೆ ನನ್ನ ಡಿಸ್ಕಿನ ಮೇಲೊಂದು ಫೈಲು.
ಅಥವಾ ಕಂಟೈನರು: ಕರ್ನೆಲ್ಲು ಎಲ್ಲರಿಗೂ ಒಂದೇ,
ಹಗುರ, ಕರೆದ ಕೂಡಲೆ ಏಳುತ್ತದೆ, ತಿನ್ನುವುದು ಕಡಿಮೆ.

ಇದನ್ನು ಮಾವನಿಗೆ ಹೇಳಬೇಕಿತ್ತು.
ಊಟದ ತಟ್ಟೆಯಲ್ಲಿ ಉಪ್ಪಿನಕಾಯಿ ರಸದಿಂದ ಗೆರೆ ಎಳೆದೆ.
ನೋಡಿದರು. ಬೆರಳು ನೆಕ್ಕಿದರು.
‘ಇದು ನಮ್ಮ ಗಜನಿ ಅಲ್ಲವೇನೆ?
ಪಾಲುದಾರರು ನೂರೆಂಟು, ಹೊರ ಒಡ್ಡು ಒಂದೇ.
ಒಳಗೆ ಅವರವರ ಮೊಣಕಾಲೆತ್ತರದ ಹಾಳಿ.
ಹೊರ ಒಡ್ಡು ಹೋಯ್ತೋ, ಕಗ್ಗವೂ ಹೋಯ್ತು, ಸೀಗಡಿಯೂ ಹೋಯ್ತು.’
‘ಹಾಗಾದರೆ ಒಬ್ಬೊಬ್ಬರಿಗೂ ಬೇರೆ ಒಡ್ಡು?’
‘ಕಟ್ಟು. ಎಕರೆಗೆ ಅರ್ಧ ಮಣ್ಣೇ ಆಗ್ತದೆ.
ಒಡ್ಡಿನ ಮೇಲೆ ಭತ್ತ ಬೆಳೀತದಾ?’

ಕ್ಯಾಲೆಂಡರಿನ ಹಿಂದೆ ಕೂಡಿಸಿದೆ.
ಕೆಲಸವಿಲ್ಲದೆ ಕೂತರೂ ಯಂತ್ರಕ್ಕೆ ತಲಾ ಎರಡು,
ತಳಕ್ಕೆ ಎರಡು, ಸುಜನನ ಕಲ್ಲುಗಳಿಗೆ ಇನ್ನೂ ನಾಲ್ಕು.
ಹದಿನಾರು ಬಹಳ ಎಂದುಕೊಂಡಿದ್ದೆ, ಸಂಬಳದ ದಿನದ ಹಾಗೆ.

ಕೊನೆಗೆ ತಳದಲ್ಲಿ ಹೈಪರ್‌ವೈಸರ್ ಒಂದೇ ಇಟ್ಟೆ;
ಬಾಗಿಲು ಕಾಯುವವನಿಗೆ ಸಾಗುವಳಿ ಕೊಡಬಾರದು.
ಮಾವನ ಭರತಿಗೆ ಬೇರೆ ಯಂತ್ರ, ಹೊರಗಿನ ದಾರಿ ಬಂದ್.
ಐಸಿನ ಲೆಕ್ಕಕ್ಕೆ ಇನ್ನೊಂದು.
ಮಾದೇವಿ, ಸುಜನ, ನನ್ನ ಕೆಡಿಸುವ ಕೋಣೆ,
ಮೂರೂ ಒಂದೇ ಯಂತ್ರದೊಳಗೆ ಕಂಟೈನರಾಗಿ,
ಅಘನಾಶಿನಿಯ ಬಾರ್ಜಿನಲ್ಲಿ ಬೈಕು, ಮೀನುಬುಟ್ಟಿ, ದಿಬ್ಬಣ ಕೂತ ಹಾಗೆ.
‘ನನ್ನ ಬಾಕಿ ಪಟ್ಟಿ ಆಟದ ಹುಡುಗರ ಮಗ್ಗುಲಿಗಾ?’
ಮಾದೇವಿ ಎರಡು ದಿನ ಮಾತು ಬಿಟ್ಟಳು.

ಅವಳ ಸಿಟ್ಟಿನಲ್ಲಿ ತಪ್ಪಿರಲಿಲ್ಲ.
ಹುಣ್ಣಿಮೆಯ ಹಿಂದಿನ ರಾತ್ರಿ, ಹನ್ನೊಂದೂವರೆಗೆ,
ನನ್ನ ಕೋಣೆಯಲ್ಲಿ ನಾನೇ ಬರೆದ ಒಂದು ಸಾಲು
ಮೆಮೊರಿಯನ್ನೆಲ್ಲ ಕುಡಿಯುತ್ತಾ ಹೋಯಿತು.
ಮಿತಿ ಹಾಕಲು ಮರೆತಿದ್ದೆ.
ಕಲ್ಲಿನ ಲೋಕ ನಿಂತಿತು. ರವಿಕೆಗಳು ನಿಂತವು.
ಮಾವನ ಯಂತ್ರದಲ್ಲಿ ಮಾತ್ರ
ಆ ಹೊತ್ತಿನ ಭರತಿ ಒಂಬತ್ತು ಅಡಿ ಎಂದು ದಾಖಲಾಗಿತ್ತು.

ಮಂಗಳವಾರದ ಸ್ನ್ಯಾಪ್‌ಶಾಟಿಗೆ ಹಿಂದಿರುಗಿದೆ.
ಬುಧವಾರ, ಗುರುವಾರ ಇಲ್ಲ.
ಹೇಳಲು ಹೋದರೆ ಮಾದೇವಿ ಸೂಜಿಗೆ ದಾರ ಪೋಣಿಸುತ್ತಲೇ
‘ಬರ್ಕೋ: ಸೋಮಿ, ನೂರಾ ಐವತ್ತು. ಹೊನ್ನಮ್ಮ, ಎಪ್ಪತ್ತು, ಕೊಡೋದಿಲ್ಲ.’
ಬರೆದುಕೊಂಡೆ.

ಮಾವ ಟಾರ್ಚು ಹಿಡಿದು ಜಂತ್ರಡಿಗೆ ಹೊರಟಿದ್ದರು.
‘ಒಡ್ಡು ಒಡೆಯೋದು ಅಲೆಗೆ ಅಂತ ಜನ ತಿಳೀತಾರೆ.
ಮೊದಲು ಏಡಿ ತೂತು ನೋಡಬೇಕು.’
ಕಂಕುಳಲ್ಲಿ ಹನ್ನೆರಡನೆಯ ನೋಟುಬುಕ್ಕು, ಹೊಸದು.
ಎಲ್ಲ ಏರಿಸಿದ್ದೇನಲ್ಲ, ಮತ್ತೆ ಇದು ಯಾಕೆ ಎಂದು ಕೇಳಲಿಲ್ಲ.
ಕಪಾಟಿನ ಕೆಳಗೆ ನಲವತ್ತೊಂದರ ಫ್ಯಾನು,
ಒಳಗೆ ಸಣ್ಣಗೆ ಮರಳು ಸಿಕ್ಕ ಸದ್ದು.